ಯಂತ್ರ ಬಲ್ಲವರಿಗೆ ಕಾರ್ಖಾನೆಯ ಪಾಠ

ಅಮೆರಿಕದ ಎಂಐಟಿಯಲ್ಲಿ ‘ಹದಿನೈದನೇ ಕೋರ್ಸು’ ಆರಂಭವಾದದ್ದು 1914ರಲ್ಲಿ. ವಿಷಯ, ಇಂಜಿನಿಯರಿಂಗ್ ಆಡಳಿತ. ಕಾರ್ಮಿಕನ ಪ್ರತಿ ಚಲನೆಯನ್ನೂ ಸ್ಟಾಪ್‌ವಾಚಿನಿಂದ ಅಳೆಯಬಹುದೆಂಬ ಫ್ರೆಡರಿಕ್ ಟೇಲರನ ಪುಸ್ತಕ ಬಂದು ಆಗ ಮೂರೇ ವರ್ಷ. ಬಾಯ್ಲರು, ಮೋಟಾರುಗಳ ಮರ್ಮ ಬಲ್ಲ ಇಂಜಿನಿಯರು ಬಡ್ತಿ ಸಿಕ್ಕೊಡನೆ ಕೂಲಿ, ದಾಸ್ತಾನು, ಮುಷ್ಕರಗಳ ನಡುವೆ ಕಕ್ಕಾಬಿಕ್ಕಿಯಾಗುತ್ತಿದ್ದ.

ಕಾಲೇಜು ಹುಡುಗರಿಗಷ್ಟೇ ಇದನ್ನು ಬೋಧಿಸಿದರೆ ಸಾಲದು ಎಂದು ಅಲ್ಲಿನ ಪ್ರಾಧ್ಯಾಪಕ ಅರ್ವಿನ್ ಶೆಲ್‌ಗೆ ಅನಿಸಿತು. ಹಲವು ವರ್ಷ ದುಡಿದವರನ್ನು ಕಂಪನಿಗಳೇ ಆರಿಸಿ ಕಳಿಸುವ ಕಾರ್ಯಕ್ರಮ 1931ರಲ್ಲಿ ಶುರುವಾಯಿತು. ಮಹಾ ಆರ್ಥಿಕ ಕುಸಿತದ ನಡುವೆ ಇಂಥ ಸಾಹಸ! ಮುಂದೆ ಅದಕ್ಕೆ ಹಣದ ಆಸರೆಯಾದವನು ಆಲ್‌ಫ್ರೆಡ್ ಸ್ಲೋನ್: 1895ರಲ್ಲಿ ಎಂಐಟಿಯಲ್ಲೇ ಎಲೆಕ್ಟ್ರಿಕಲ್ ಪದವಿ ಪಡೆದು, ಬೇರಿಂಗ್ ಕಾರ್ಖಾನೆ ನಡೆಸಿ, ಜನರಲ್ ಮೋಟಾರ್ಸಿನ ಅಧ್ಯಕ್ಷನಾದವನು. 1952ರಲ್ಲಿ ಅವನ ಪ್ರತಿಷ್ಠಾನದ 52.5 ಲಕ್ಷ ಡಾಲರ್ ನೆರವಿನಿಂದ ಕೈಗಾರಿಕಾ ನಿರ್ವಹಣೆಯ ಪ್ರತ್ಯೇಕ ಶಾಲೆಯೇ ತೆರೆಯಿತು. ತರಗತಿಗಳಿಗೆ ಸಿಕ್ಕಿದ್ದು ಲಿವರ್ ಬ್ರದರ್ಸ್ ಸೋಪು ಕಂಪನಿಯ ಹಳೆಯ ಕಚೇರಿ.

ಈ ಶಾಲೆಯ ಕಥೆಯಲ್ಲಿ ರಸವತ್ತಾದ ಭಾಗ ಜೇ ಫಾರೆಸ್ಟರ್‌ನದು.

ಕಂಪ್ಯೂಟರಿನ ಕಾಂತೀಯ ಸ್ಮೃತಿ ರೂಪಿಸಿ ಹೆಸರಾಗಿದ್ದ ಈ ಇಂಜಿನಿಯರು 1956ರಲ್ಲಿ ನಿರ್ವಹಣೆಯ ಕಡೆ ಹೊರಳಿದ. ಕೆಂಟಕಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಗೃಹೋಪಯೋಗಿ ವಸ್ತುಗಳ ಕಾರ್ಖಾನೆಗಳಿದ್ದವು. ಒಮ್ಮೆ ಅಲ್ಲಿ ಹಗಲೂ ರಾತ್ರಿ ಪಾಳಿ. ಕೆಲವೇ ವರ್ಷಗಳಲ್ಲಿ ಅರ್ಧದಷ್ಟು ಜನ ಮನೆಗೆ. ಅಧಿಕಾರಿಗಳು ಮಾರುಕಟ್ಟೆಯ ಏರಿಳಿತವನ್ನು ದೂರುತ್ತಿದ್ದರು. ನೇಮಕವನ್ನೂ ದಾಸ್ತಾನನ್ನೂ ಹೇಗೆ ತೀರ್ಮಾನಿಸುತ್ತೀರಿ ಎಂದು ಫಾರೆಸ್ಟರ್ ಅವರನ್ನೇ ವಿಚಾರಿಸಿದ. ನೋಟ್‌ಬುಕ್ಕಿನಲ್ಲಿ ದಾಸ್ತಾನು, ನೌಕರರು, ಆರ್ಡರುಗಳಿಗೆ ಒಂದೊಂದು ಅಂಕಣ ಎಳೆದು, ವಾರದಿಂದ ವಾರಕ್ಕೆ ಪೆನ್ಸಿಲಿನಲ್ಲೇ ಲೆಕ್ಕ ಹಾಕುತ್ತ ಹೋದ. ಬರುವ ಆರ್ಡರು ಒಂದೇ ಸಮ ಇದ್ದರೂ ನೌಕರರ ಸಂಖ್ಯೆ ಜೋಕಾಲಿಯಂತೆ ತೂಗಿತು. ತಪ್ಪು ಮಾರುಕಟ್ಟೆಯದಲ್ಲ, ಕಾರ್ಖಾನೆಯೊಳಗಿನ ನಿಯಮಗಳದೇ. ಒಂದು ಆರ್ಡರು ಬಂದು, ಅದಕ್ಕೆ ತಕ್ಕ ಜನ ಸೇರಿ, ಸರಕು ತಯಾರಾಗುವ ಹೊತ್ತಿಗೆ ಅಗತ್ಯವೇ ಬದಲಾಗಿರುತ್ತಿತ್ತು. 1961ರ ಅವನ ‘ಇಂಡಸ್ಟ್ರಿಯಲ್ ಡೈನಮಿಕ್ಸ್’ ಗ್ರಂಥದ ಮೂಲ ಈ ಲೆಕ್ಕ.

ಹಿಮ್ಮಾಹಿತಿ, ವಿಳಂಬ, ಸ್ಥಿರತೆ ಇವೆಲ್ಲ ಎಲೆಕ್ಟ್ರಿಕಲ್ ಇಂಜಿನಿಯರಿಗೆ ಹೊಸತಲ್ಲ. ಅದೇ ಫಾರೆಸ್ಟರ್‌ನ ಅನುಕೂಲ. ಅದೇ ಶಾಲೆಯ ಡಗ್ಲಾಸ್ ಮೆಕ್‌ಗ್ರೆಗರ್ ಮಾತ್ರ ಬೇರೆ ದಾರಿ ಹಿಡಿದು, ಕಾರ್ಮಿಕನನ್ನು ಸೋಮಾರಿಯೆಂದು ನಂಬಿ ನಡೆಸುವ ಆಡಳಿತವನ್ನು 1960ರಲ್ಲಿ ಪ್ರಶ್ನಿಸಿದ. ಟೇಲರನ ಸ್ಟಾಪ್‌ವಾಚಿಗೆ ಇದಕ್ಕಿಂತ ಖಡಕ್ ಉತ್ತರ ಇರಲಿಲ್ಲ.

1961ರಲ್ಲಿ ಸ್ಥಾಪನೆಯಾದ ಕೋಲ್ಕತ್ತದ ಐಐಎಂನ ಕೈಯನ್ನು ಆರಂಭದಲ್ಲಿ ಹಿಡಿದದ್ದು ಇದೇ ಶಾಲೆ. ಅದರ ಫಲ ಭಾರತಕ್ಕೆ ದಕ್ಕಿತು. 1964ರಲ್ಲಿ ಶಾಲೆಗೆ ಸ್ಲೋನ್‌ನ ಹೆಸರಿಟ್ಟರು. ಶೆಲ್‌ನ ಕಾರ್ಯಕ್ರಮ ಬರಬರುತ್ತ ಇಂಜಿನಿಯರುಗಳನ್ನೂ ದಾಟಿತು: ಮುಂದೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾದ ಕೋಫಿ ಅನ್ನಾನ್ ಅಲ್ಲಿ ಓದು ಮುಗಿಸಿದ್ದು 1972ರಲ್ಲಿ.