ಉತ್ತರ ಬರೆಯದವರ ಅಭಿಪ್ರಾಯ

ಒಂದು ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿ, ಅವುಗಳಲ್ಲಿ ಸುಮಾರು 23 ಲಕ್ಷ ವಾಪಸು ಬಂದರೆ ಯಾರಿಗಾದರೂ ಧೈರ್ಯ ಬರುತ್ತದೆ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ವಾರಪತ್ರಿಕೆಗೂ ಬಂದಿತ್ತು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಸೋಲುತ್ತಾರೆ, ಕ್ಯಾನ್ಸಾಸಿನ ಗವರ್ನರ್ ಆಲ್ಫ್ ಲ್ಯಾಂಡನ್ ನೂರಕ್ಕೆ 57 ಮತ ಪಡೆದು ಗೆಲ್ಲುತ್ತಾರೆ ಎಂದು ಅದು ಲೆಕ್ಕ ಹಾಕಿತು. ನವೆಂಬರಿನಲ್ಲಿ ರೂಸ್ವೆಲ್ಟರಿಗೆ ನೂರಕ್ಕೆ ಸುಮಾರು 61 ಮತ ಬಿದ್ದವು. ಲ್ಯಾಂಡನ್‌ಗೆ ಒಲಿದದ್ದು 48 ರಾಜ್ಯಗಳಲ್ಲಿ ಎರಡೇ, ಮೇನ್ ಮತ್ತು ವರ್ಮಾಂಟ್.

ಸಂಖ್ಯಾಶಾಸ್ತ್ರದ ಪಠ್ಯಪುಸ್ತಕಗಳು ಈ ಕಥೆಯನ್ನು ಒಂದು ಪ್ಯಾರಾದಲ್ಲಿ ಹೇಳಿ ಮುಂದೆ ಹೋಗುತ್ತವೆ. ನನಗೆ ಅಲ್ಲಿ ಕುತೂಹಲ ಹುಟ್ಟಿಸುವುದು ಆ ಒಂದು ಕೋಟಿ ವಿಳಾಸಗಳು. ಅವುಗಳಲ್ಲಿ ಹೆಚ್ಚಿನವನ್ನು ಹೆಕ್ಕಿದ್ದು ಟೆಲಿಫೋನ್ ಡೈರೆಕ್ಟರಿಗಳಿಂದ ಮತ್ತು ಕಾರುಗಳ ನೋಂದಣಿ ಪಟ್ಟಿಗಳಿಂದ. ಡೈಜೆಸ್ಟಿನ ಪಾಲಿಗೆ ಈ ಸಮೀಕ್ಷೆ ಹೊಸ ಚಂದಾದಾರರನ್ನು ಹಿಡಿಯುವ ಉಪಾಯವೂ ಆಗಿತ್ತು. ಪತ್ರಿಕೆ ಕೊಳ್ಳಬಲ್ಲವರ ವಿಳಾಸ ಅದಕ್ಕೆ ಬೇಕಿತ್ತು, ಅದೇ ಸಿಕ್ಕಿತು. ಗಿರಾಕಿಗಳ ಪಟ್ಟಿಯನ್ನು ಮತದಾರರ ಪಟ್ಟಿಯೆಂದು ಓದಿದ್ದೇ ಎಡವಟ್ಟು.

ಆದರೆ ಸಂಪಾದಕರನ್ನು ಮೂರ್ಖರೆನ್ನಲು ನನಗೆ ಮನಸ್ಸಿಲ್ಲ. 1916ರಿಂದ 1932ರವರೆಗಿನ ಐದು ಚುನಾವಣೆಗಳಲ್ಲೂ ಗೆಲ್ಲುವವರು ಯಾರೆಂದು ಡೈಜೆಸ್ಟ್ ಸರಿಯಾಗಿ ಹೇಳಿತ್ತು. 1932ರಲ್ಲಂತೂ ಇದೇ ರೂಸ್ವೆಲ್ಟರ ಗೆಲುವನ್ನು ಕೂದಲೆಳೆಯಷ್ಟು ಹತ್ತಿರದಲ್ಲಿ ಊಹಿಸಿತ್ತು. ಮಹಾ ಕುಸಿತದ ವರ್ಷಗಳಲ್ಲಿ ದೇಶ ಬದಲಾಯಿತು. ಸರ್ಕಾರ ಕೆಲಸ ಕೊಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಕಾರಿದ್ದವನ ಉತ್ತರವೇ ಬೇರೆ, ಕೆಲಸ ಕಳೆದುಕೊಂಡವನ ಉತ್ತರವೇ ಬೇರೆ ಆಯಿತು. ವಿಳಾಸದ ಪಟ್ಟಿ ಮಾತ್ರ ಹಳೆಯದೇ ಉಳಿಯಿತು.

ಪಟ್ಟಿಯದೊಂದೇ ತಪ್ಪೂ ಅಲ್ಲ. ಮರುವರ್ಷ ಜಾರ್ಜ್ ಗ್ಯಾಲಪ್ ಅವರ ಸಂಸ್ಥೆ, ನಿಮಗೆ ಡೈಜೆಸ್ಟಿನ ಮತಪತ್ರ ಬಂದಿತ್ತೇ, ನೀವು ತುಂಬಿ ಕಳಿಸಿದಿರೇ ಎಂದು ಜನರನ್ನು ಕೇಳಿತು. ಮತಪತ್ರ ಕೈಗೆ ಬಂದಿದ್ದವರಲ್ಲೂ ರೂಸ್ವೆಲ್ಟ್ ಪರವಾಗಿದ್ದವರೇ ಹೆಚ್ಚು! ಆದರೆ ಅವರಲ್ಲಿ ಬಹಳ ಮಂದಿ ಅದನ್ನು ವಾಪಸು ಕಳಿಸುವ ಗೋಜಿಗೇ ಹೋಗಿರಲಿಲ್ಲ. ಸಿಟ್ಟಿದ್ದವರು ಬರೆದರು, ತೃಪ್ತರಾಗಿದ್ದವರು ಸುಮ್ಮನಿದ್ದರು ಎಂದು ನಾನು ಅದನ್ನು ಓದುತ್ತೇನೆ. ಇಂದು ಅಂಗಡಿಯ ಬಿಲ್ಲಿನ ಜೊತೆ ಬರುವ 'ನಿಮ್ಮ ಅನುಭವ ಹೇಗಿತ್ತು' ಎಂಬ ಪ್ರಶ್ನೆಗೆ ಯಾರು ಉತ್ತರಿಸುತ್ತಾರೆಂದು ಯೋಚಿಸಿದರೆ ಈ ಮಾತು ಹೊಸದೆನಿಸುವುದಿಲ್ಲ.

ಗ್ಯಾಲಪ್ ಬಂದದ್ದು ಜಾಹೀರಾತಿನ ಲೋಕದಿಂದ. ಪತ್ರಿಕೆಯಲ್ಲಿ ಜನ ನಿಜಕ್ಕೂ ಏನನ್ನು ಓದುತ್ತಾರೆಂದು ಅಳೆಯುವುದು ಅವರ ಮೊದಲ ಕಸುಬು. ಗಿರಾಕಿಯನ್ನು ಬಲ್ಲವರಿಗೆ ಅವನು ಇಡೀ ಊರಲ್ಲ ಎಂಬುದೂ ಗೊತ್ತಿರುತ್ತದೆ. ಡೈಜೆಸ್ಟ್ ಮತಪತ್ರ ಕಳಿಸುವ ಮೊದಲೇ, ಅಂಥದೇ ಪಟ್ಟಿಗಳಿಂದ ಸಣ್ಣದೊಂದು ಮಾದರಿ ತೆಗೆದು, ಅದು ಲ್ಯಾಂಡನ್ ಗೆಲುವನ್ನೇ ಹೇಳಲಿದೆ ಎಂದು ಅವರು ಪ್ರಕಟಿಸಿಬಿಟ್ಟರು. ತಮ್ಮ ಸಮೀಕ್ಷೆಗೆ ಸುಮಾರು 50,000 ಜನರನ್ನು ಕೇಳಿ ರೂಸ್ವೆಲ್ಟ್ ಗೆಲ್ಲುತ್ತಾರೆಂದರು. ಅವರ ಅಂಕಿಯೂ ಐದಾರು ಅಂಶ ಕಡಿಮೆಯೇ ಇತ್ತು, ಆ ಗೆಲುವಿನ ಸಂಭ್ರಮದಲ್ಲಿ ಅದನ್ನು ಕೇಳುವವರಿರಲಿಲ್ಲ. 1938ರಲ್ಲಿ ಡೈಜೆಸ್ಟ್ ನಿಂತೇಹೋಯಿತು.

ಗ್ಯಾಲಪ್ ಅವರ 'ಸಾರ್ವಜನಿಕ'ರು ಯಾರು ಎಂದು ಕೇಳಿದರೆ ಅಲ್ಲೂ ಒಂದು ಬೇಲಿ ಕಾಣುತ್ತದೆ. ಮತ ಹಾಕುವವರ ಮನಸ್ಸು ತಿಳಿಯುವುದು ಅವರ ಗುರಿ. ಹೀಗಾಗಿ ಮತದ ಹಕ್ಕನ್ನು ಕಿತ್ತುಕೊಳ್ಳಲಾಗಿದ್ದ ದಕ್ಷಿಣ ರಾಜ್ಯಗಳ ಕರಿಯರು ಆ ಮಾದರಿಗಳಲ್ಲಿ ಸೇರಿದ್ದು ತೀರಾ ವಿರಳ. ಹೆಂಗಸರೂ ತಮ್ಮ ಸಂಖ್ಯೆಗೆ ತಕ್ಕಷ್ಟು ಇರಲಿಲ್ಲ. ಮನೆಗೆ ಸೋಪು, ಹಿಟ್ಟು ಕೊಳ್ಳುವವರೆಂದು ಮಾರುಕಟ್ಟೆ ಸಮೀಕ್ಷೆಯವರು ಹುಡುಕಿಕೊಂಡು ಹೋಗುತ್ತಿದ್ದ ಗೃಹಿಣಿಯರ ರಾಜಕೀಯ ಅಭಿಪ್ರಾಯಕ್ಕೆ ಅಷ್ಟು ಬೆಲೆ ಇರಲಿಲ್ಲ.

1948ರಲ್ಲಿ ಸೋಲುವ ಸರದಿ ಗ್ಯಾಲಪ್ ಅವರದು. ಥಾಮಸ್ ಡ್ಯೂಯಿ ಗೆಲ್ಲುತ್ತಾರೆಂದು ಹೇಳಿದ್ದರು, ಗೆದ್ದದ್ದು ಹ್ಯಾರಿ ಟ್ರೂಮನ್. ಚುನಾವಣೆಗೆ ಇನ್ನೂ ಎರಡು ವಾರ ಇರುವಾಗಲೇ, ಇನ್ನೇನು ಬದಲಾಗುತ್ತದೆ ಎಂದು, ಅವರು ಜನರನ್ನು ಕೇಳುವುದನ್ನು ನಿಲ್ಲಿಸಿದ್ದರು.