ಕಾಲ್ಚೆಂಡಿನ ರಾಜ್ಯಗಳು: ದಂಡುಪ್ರದೇಶದ ಒಂದು ನಕ್ಷೆ

ವೃತ್ತಿಪರ ಕಾಲ್ಚೆಂಡಾಟದ ಒಂದು ಋತುವನ್ನು ರಾಜ್ಯವಿಸ್ತಾರದ ನಕ್ಷೆಯಾಗಿ ಬರೆಯುವ ಕ್ರಮವೊಂದುಂಟು. ಮೊದಲು ಪ್ರತಿಯೊಂದು ತಂಡಕ್ಕೂ ಅದರ ಊರಿನ ಸುತ್ತಣ ನೆಲವನ್ನು ಹಂಚುವುದು. ಸೋತವರ ನೆಲವೆಲ್ಲ ಗೆದ್ದವರ ವಶ. ಈ ನಿಯಮದಲ್ಲಿ ಒಂದು ವಿಚಿತ್ರವಿದೆ. ಅಂಕಗಳಲ್ಲಿ ಅಗ್ರಸ್ಥಾನ ಪಡೆದ ತಂಡವೂ ಕೊನೆಯ ಪಂದ್ಯವನ್ನು ಸೋತರೆ ನಕ್ಷೆಯಲ್ಲಿ ಅಂಗೈಯಗಲ ನೆಲವಿಲ್ಲದೆ ಉಳಿಯುತ್ತದೆ. ಇತಿಹಾಸದಲ್ಲಿ ಸೋಲು ಇಷ್ಟು ಸರಳವಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಕಳೆದುಕೊಂಡುದು ಅರ್ಧರಾಜ್ಯವನ್ನು. 1799ರಲ್ಲಿ ಅವನು ಮಡಿದ ಮೇಲೂ ರಾಜ್ಯವು ಒಬ್ಬರ ಕೈಸೇರದೆ ಕಂಪನಿ, ನಿಜಾಮ, ಒಡೆಯರು ಇವರಲ್ಲಿ ಹಂಚಿಹೋಯಿತು.

ಆದುದರಿಂದ ಲೀಗಿಗಿಂತ ನಾಕೌಟ್ ಪಂದ್ಯಾವಳಿಗೇ ಈ ನಕ್ಷೆ ಹೆಚ್ಚು ಒಪ್ಪುತ್ತದೆ. 1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ ದೀರ್ಘಕಾಲ ಬ್ರಿಟಿಷ್ ಸೇನಾ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಂಸ್ ತಂಡವು ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ, ಆ ಕಪ್ಪನ್ನು ಪಡೆದ ಮೊದಲ ಭಾರತೀಯ ತಂಡವಾಯಿತು. ಮರುವರ್ಷವೂ, ತಿರುಗಿ 1948ರಲ್ಲಿಯೂ ಗೆದ್ದಿತು.

ನಕ್ಷೆಗಾರನ ಕಷ್ಟ ಇಲ್ಲಿಯೇ ತೊಡಗುತ್ತದೆ. 1937ರ ಗೆಲುವಿಗೆ ಯಾವ ಬಣ್ಣ? 1809ರಲ್ಲಿ ಹಲಸೂರಿನ ಬಳಿ ನೆಲೆಗೊಂಡ ದಂಡು, 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದಾಗಲೂ ಮರಳಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಬ್ರಿಟಿಷ್ ರೆಸಿಡೆಂಟನ ಅಧೀನದಲ್ಲಿಯೇ ಉಳಿಯಿತು. ಪೇಟೆ ಮಾತ್ರ ಮೈಸೂರು ಸರ್ಕಾರದ್ದು. ಬೆಂಗಳೂರು ಎಂಬ ಒಂದೇ ಹೆಸರಿನ ಕೆಳಗೆ ಎರಡು ಆಡಳಿತಗಳು! ದಂಡುಪ್ರದೇಶವು ಮೈಸೂರಿಗೆ ಹಿಂದಿರುಗಿದುದು 1947ರ ಜುಲೈನಲ್ಲಿ. ಹೀಗೆ, ಒಂದೇ ತಂಡದ 1938 ಮತ್ತು 1948ರ ಗೆಲುವುಗಳ ನಡುವೆ ನೆಲದ ಒಡೆತನವೇ ಬದಲಾಗಿದೆ. ಅದಕ್ಕೆ ಯಾವ ಗೋಲೂ ಕಾರಣವಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತಂಡವು ಅಶೋಕನಗರದ ಮೈದಾನವನ್ನು ಬಿಟ್ಟು ಮರುವರ್ಷ ಕಂಠೀರವ ಕ್ರೀಡಾಂಗಣಕ್ಕೆ ಬಂದಿತಷ್ಟೆ. ಆ ಕ್ರೀಡಾಂಗಣವಿರುವುದು ಪೇಟೆಗೂ ದಂಡಿಗೂ ನಡುವಣ ಸಂಪಂಗಿ ಕೆರೆಯ ಅಂಗಳದಲ್ಲಿ.

ಪೂರ್ವಭಾಗದಲ್ಲಿ ತೊಡಕು ಇನ್ನೊಂದು ಬಗೆಯದು. 1940ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆ ಎಚ್.ಎ.ಎಲ್., 1948ರಲ್ಲಿ ಕೃಷ್ಣರಾಜಪುರದ ಬಳಿ ತಲೆಯೆತ್ತಿದ ಐ.ಟಿ.ಐ. ಇವು ಆಟಗಾರರಿಗೆ ನೌಕರಿಯನ್ನು ಕೊಟ್ಟು ತಂಡಗಳನ್ನು ಕಟ್ಟಿದವು. ನಮ್ಮ ನಕ್ಷೆಯು ಕೃಷ್ಣರಾಜಪುರವನ್ನು ಐ.ಟಿ.ಐ.ಗೆ ಕೊಟ್ಟು ಸುಮ್ಮನಾಗುತ್ತದೆ. ಆದರೆ ಆಟಗಾರರು ಬೆಳೆದುದು ದಂಡಿನ ಓಣಿಗಳಲ್ಲಿ, ವಿಶೇಷವಾಗಿ ಹಲಸೂರಿನ ಗೌತಮಪುರದಲ್ಲಿ; ಅಲ್ಲಿ ಇಂದು ಪೆಲೆಯ ಪ್ರತಿಮೆಯೇ ನಿಂತಿದೆ. ಅನ್ಯರ ಬಣ್ಣಗಳಿಗೆ ಕಾಲುಗಳನ್ನು ಒದಗಿಸಿದ ಈ ಕೇರಿಗೆ ವಿಜಯದ ನಕ್ಷೆಯಲ್ಲಿ ಬಣ್ಣವಿಲ್ಲ. ತಂಡದ ಮೈದಾನದ ಬದಲು ಆಟಗಾರನ ಮನೆಯಿಂದ ಗೆರೆಯೆಳೆದು, ಅವನು ಯಾವ ಕಾರ್ಖಾನೆಯ ಬಾಗಿಲಿಗೆ ಹೋಗಿ ಸೇರಿದನೆಂಬುದನ್ನು ಗುರುತಿಸುವ ಎರಡನೆಯ ನಕ್ಷೆಯೊಂದನ್ನು ನಮ್ಮ ವಿದ್ಯಾರ್ಥಿಗಳು ಸಿದ್ಧಪಡಿಸಬಹುದು. ಹಳೆಯ ಆಟಗಾರರು ಜ್ಞಾಪಕದಿಂದ ಹೇಳಬಲ್ಲವರಾಗಿರುವಾಗಲೇ ಆ ಕೆಲಸಕ್ಕೆ ತೊಡಗುವುದು ಲೇಸು.