ಮುಲ್ತಾನಿ ಮಿಟ್ಟಿಯ ಬಳಗ
ಮುಖಕ್ಕೆ ಬಳಿಯೋ ಮುಲ್ತಾನಿ ಮಿಟ್ಟಿ ಗೊತ್ತಲ್ಲ? ಅದರ ಬಳಗದ ಜೇಡಿಮಣ್ಣು ಜಿಡ್ಡು, ಬಣ್ಣ ಹೀರುತ್ತೆ ಅನ್ನೋದು ಹಳೇ ವಿಷಯ. ಆದರೆ ಹೀರಿದ ಕೊಳೆ ಎಲ್ಲೂ ಹೋಗಲ್ಲ. ನೀರಿನಿಂದ ಮಣ್ಣಿಗೆ ಮನೆ ಬದಲಾಯಿಸುತ್ತೆ, ಅಷ್ಟೇ.

ಕೊಳೆಯನ್ನೇ ಒಡೆಯೋ ದಾರಿ ಸಿಕ್ಕಿದ್ದು ಬೇರೆ ಕಡೆ. ಹುಣಸೆಹಣ್ಣಲ್ಲೂ ಇರೋ ಟಾರ್ಟಾರಿಕ್ ಆಮ್ಲವನ್ನು ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿ ಉತ್ಕರ್ಷಿಸುತ್ತವೆ ಎಂದು ಇಂಗ್ಲೆಂಡಿನ ಹೆನ್ರಿ ಫೆಂಟನ್ 1894ರಲ್ಲಿ ಬರೆದರು. ಇದರ ಹಿಂದಿರೋದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅನ್ನೋ ಕ್ಷಣಜೀವಿ ಎಂದು 1934ರಲ್ಲಿ ಹೇಬರ್ ಮತ್ತು ವೈಸ್ ಹೇಳಿದರು. ಫೀನಾಲ್, ಬಟ್ಟೆಯ ಬಣ್ಣ ಎಲ್ಲವನ್ನೂ ಅದು ಒಡೆಯುತ್ತೆ. ಆದರೆ ನೀರಿನ ಪಿಎಚ್ 3ರ ಹತ್ತಿರ ಇರಬೇಕು; ಕೊನೆಗೆ ಕಬ್ಬಿಣದ ಕೆಸರೂ ಉಳಿಯುತ್ತೆ.

ಕಬ್ಬಿಣವನ್ನು ಎಲ್ಲಾದರೂ ಕಟ್ಟಿಹಾಕಿದ್ರೆ? ಆ ಗೂಟ ಸಿಕ್ಕಿದ್ದು ಪೆಟ್ರೋಲ್ ಲೋಕದಲ್ಲಿ. ಫ್ರಾನ್ಸಿನ ಯೂಜೀನ್ ಹೂಡ್ರಿ ಆಮ್ಲದಲ್ಲಿ ಹದಮಾಡಿದ ಜೇಡಿಮಣ್ಣನ್ನು ವೇಗವರ್ಧಕವಾಗಿಸಿ ಭಾರದ ಎಣ್ಣೆ ಒಡೆಯೋ ವಿಧಾನ ಕಟ್ಟಿದರು. 1937ರಲ್ಲಿ ಅಮೆರಿಕದ ಮಾರ್ಕಸ್ ಹುಕ್‌ನಲ್ಲಿ ಅದರ ದೊಡ್ಡ ಘಟಕ ಶುರುವಾಯ್ತು. 1973ರ ತೈಲ ಬಿಕ್ಕಟ್ಟಿನ ನಂತರ, ದೊಡ್ಡ ಅಣುಗಳಿಗೂ ಜಾಗ ಆಗಲಿ ಅಂತ ಮಣ್ಣಿನ ಪದರಗಳ ನಡುವೆ ಲೋಹದ ಆಕ್ಸೈಡಿನ ಕಂಬ ನಿಲ್ಲಿಸಿದರು. ತೈಲ ಶುದ್ಧೀಕರಣದಲ್ಲಿ ಅವು ಜಿಯೋಲೈಟ್ ಎದುರು ಗೆಲ್ಲಲಿಲ್ಲ. ಕಂಬಗಳಲ್ಲಿ ಕಬ್ಬಿಣ ಸೇರಿಸಿದಾಗ ಮಾತ್ರ ಫೆಂಟನ್ ಕ್ರಿಯೆಗೆ ಒಳ್ಳೆ ನೆಲೆ ಆಯ್ತು: ಕಬ್ಬಿಣ ಬಹುಪಾಲು ಮಣ್ಣಲ್ಲೇ ಉಳಿಯುತ್ತೆ, ಸೋಸಿ ಮತ್ತೆ ಬಳಸಬಹುದು.

ಹಾಗಂತ ಇದು ಮಾಯಾಮಂತ್ರ ಅಲ್ಲ. ಅಷ್ಟಿಷ್ಟು ಕಬ್ಬಿಣ ಸೋರುತ್ತೆ. ಫೀನಾಲ್ ಹೋದರೂ ಅರ್ಧ ಒಡೆದ ಅಣುಗಳು ಉಳೀಬಹುದು. ಯಾರಾದ್ರೂ ತಿಳಿನೀರು ತೋರಿಸಿದರೆ ಬಣ್ಣ ಹೋಯ್ತಾ ಅಂತಷ್ಟೇ ಕೇಳಬೇಡಿ. ನೀರಲ್ಲಿ ಸಾವಯವ ಇಂಗಾಲ ಇನ್ನೂ ಎಷ್ಟಿದೆ ಅಂತ ಕೇಳಿ.